ಬೀದಿ ಅಗಲವಾಗಬೇಕೇ, ಹಂಚಿಕೆಯಾಗಬೇಕೇ? ಹಳೆಯ ಊರುಗಳಲ್ಲಿ ನಡೆಯುವವರಿಗೊಂದು ಜಾಗ

ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ ಸಂತೇಬೆನ್ನೂರು ಎಂಬ ಹಳೆಯ ಊರಿದೆ. ಘಟ್ಟದ ಮೇಲಿನ ಈ ಪ್ರದೇಶ ಶಿವಮೊಗ್ಗ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿದ್ದು. ಊರಿನ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಅಲ್ಲಿನ ಪುಷ್ಕರಣಿ. 16ನೇ ಶತಮಾನದಲ್ಲಿ ಪಾಳೇಗಾರ ಹನುಮಪ್ಪ ನಾಯಕನು ಕಟ್ಟಿಸಿದ ಈ ಕಲ್ಲಿನ ಹೊಂಡದ ನಡುವೆ ನೀರಿನಲ್ಲಿ ಮಂಟಪವಿದೆ, ಪಕ್ಕದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ ಇದೆ. ಮುಸಾಫಿರ್ ಎಂದರೆ ಪ್ರಯಾಣಿಕ. ಹೊಂಡದ ಮೆಟ್ಟಿಲುಗಳನ್ನು ಕಾಲ್ನಡಿಗೆಯಲ್ಲಿ ಬಂದವರಿಗಾಗಿ ಅಳೆದು ಕಟ್ಟಿದ್ದಾರೆ. ಊರಿನ ಹೆಸರಿನಲ್ಲೇ ಸಂತೆ ಇದೆ. ಜನ ನಡೆದು ಬಂದು, ನಿಂತು, ಮಾತಾಡಿ, ಕೊಂಡು, ಮಾರಿ ಹೋಗುತ್ತಿದ್ದ ಕಾಲದಲ್ಲಿ ಹುಟ್ಟಿದ ಊರು ಇದು.

ಇಂತಹ ಊರುಗಳು ನಮ್ಮ ರಾಜ್ಯದಲ್ಲಿ ನೂರಾರು ಇವೆ. ಅವುಗಳ ಬೀದಿಗಳು ಮನುಷ್ಯರಿಗೂ ಎತ್ತಿನಗಾಡಿಗೂ ಆದವು. ಅದೇ ಬೀದಿಗಳಲ್ಲಿ ಇಂದು ಬಸ್ಸು, ಲಾರಿ, ಟ್ರ್ಯಾಕ್ಟರ್, ಕಾರು, ರಿಕ್ಷಾ, ಬೈಕುಗಳೆಲ್ಲ ಓಡಾಡುತ್ತವೆ. ನಡೆಯುವವರು ಎಲ್ಲಿ ಹೋಗಬೇಕು? ಚರಂಡಿಯ ಚಪ್ಪಡಿಯ ಮೇಲೆ, ಅಂಗಡಿಯ ಮುಂದಿನ ಮೆಟ್ಟಿಲಿನ ಪಕ್ಕದಲ್ಲಿ, ನಿಲ್ಲಿಸಿದ ಬೈಕುಗಳ ಸಂದಿಯಲ್ಲಿ. ಅಲ್ಲೂ ಜಾಗ ಸಿಗದಿದ್ದರೆ ಡಾಂಬರಿನ ಮೇಲೆ, ವಾಹನಗಳ ನಡುವೆ. ಮಂಗಳೂರಿನಲ್ಲಾಗಲಿ, ಉಡುಪಿಯಲ್ಲಾಗಲಿ, ಕುಂದಾಪುರದಲ್ಲಾಗಲಿ ಕತೆ ಇದೇ.

ಈ ತೊಂದರೆಗೆ ಸಾಮಾನ್ಯವಾಗಿ ಕೇಳಿಬರುವ ಪರಿಹಾರ ಒಂದೇ: "ರಸ್ತೆ ಅಗಲ ಮಾಡಬೇಕು." ಈ ಲೇಖನದಲ್ಲಿ ಇನ್ನೊಂದು ದಾರಿಯನ್ನು ವಿವರಿಸಲು ಬಯಸುತ್ತೇವೆ. ಇರುವ ಬೀದಿಯನ್ನು ಅಗಲ ಮಾಡದೆ, ಅದರೊಳಗಿನ ಜಾಗವನ್ನೇ ನ್ಯಾಯವಾಗಿ ಹಂಚುವುದು ಆ ದಾರಿ. ಇದು ಬರಿಯ ಕಲ್ಪನೆಯಲ್ಲ, ನಮ್ಮ ರಾಜ್ಯದಲ್ಲೇ ಇದನ್ನು ಮಾಡಿ ನೋಡಿದ್ದಾರೆ.

ಅಂಕಿಗಳು ಏನು ಹೇಳುತ್ತವೆ?

ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಸತ್ತರು. ಇವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸತ್ತ ಪ್ರತಿ ಐವರಲ್ಲಿ ಸುಮಾರು ಒಬ್ಬರು ವಾಹನದಲ್ಲಿ ಇರಲೇ ಇಲ್ಲ, ನಡೆದು ಹೋಗುತ್ತಿದ್ದರು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 90 ಜನ. ಶಾಲೆಗೆ ಹೊರಟ ಮಗು, ಪೂಜೆ ಮುಗಿಸಿ ಮನೆಗೆ ಮರಳುವ ಅಜ್ಜಿ, ಬಸ್ಸಿಳಿದು ಕೆಲಸಕ್ಕೆ ಓಡುವ ತಾಯಿ, ಇಂಥವರೆಲ್ಲ ದಿನವೂ ನಡೆಯುವವರು.

2025ರ ಮೇ 14ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಒಂದು ಮಹತ್ವದ ಆದೇಶ ನೀಡಿತು. ಅಡೆತಡೆಯಿಲ್ಲದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಅದು ಹೇಳಿತು. ಫುಟ್‌ಪಾತ್‌ಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು, ಒತ್ತುವರಿ ತೆರವಾಗಬೇಕು ಎಂದೂ ಹೇಳಿತು. ಆದ್ದರಿಂದ ಫುಟ್‌ಪಾತ್ ಎಂಬುದು ಹಣ ಉಳಿದರೆ ಮಾಡುವ ಅಲಂಕಾರದ ಕೆಲಸವಲ್ಲ. ಅದು ನಾಗರಿಕನಿಗೆ ಸಲ್ಲಬೇಕಾದ ಹಕ್ಕು.

ಅಗಲ ಮಾಡಿದರೆ ಸಾಲದೇ?

ರಸ್ತೆ ಅಗಲವಾದರೆ ವಾಹನ ಸರಾಗವಾಗಿ ಹೋಗುತ್ತದೆ, ಆಗ ನಡೆಯುವವರಿಗೂ ಅನುಕೂಲ ಎಂದು ನಾವು ನಂಬಿದ್ದೇವೆ. ಆದರೆ ಹಳೆಯ ಊರಿನಲ್ಲಿ ರಸ್ತೆ ಅಗಲ ಮಾಡಲು ಯಾರದೋ ಮನೆಯ ಜಗಲಿ, ಯಾರದೋ ಅಂಗಡಿಯ ಮುಂಭಾಗ, ಸಾಲುಮರಗಳು, ಶಾಲೆಯ ಕಂಪೌಂಡು ಹೋಗಬೇಕು. ಪರಿಹಾರದ ಹಣಕ್ಕಾಗಿ ವರ್ಷಗಟ್ಟಲೆ ಅಲೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಅಗಲವಾಗುವುದು ಸಿಕ್ಕಿದಲ್ಲಿ ಮಾತ್ರ. ಒಂದು ಕಡೆ 14 ಮೀಟರ್, ಮುಂದೆ ಒಬ್ಬರು ಜಾಗ ಬಿಡದ ಕಡೆ 9 ಮೀಟರ್, ಮತ್ತೆ 12 ಮೀಟರ್.

ಎಣ್ಣೆ ಸುರಿಯುವ ಆಲಿಕೆಯನ್ನು ನೆನಪಿಸಿಕೊಳ್ಳಿ. ಬಾಯಿ ಎಷ್ಟೇ ಅಗಲವಿರಲಿ, ಎಣ್ಣೆ ಇಳಿಯುವುದು ಕೆಳಗಿನ ಕೊಳವೆಯ ಅಳತೆಯಲ್ಲಿ. ರಸ್ತೆಯೂ ಹಾಗೆಯೇ. ಅದರ ಸಾಮರ್ಥ್ಯವನ್ನು ತೀರ್ಮಾನಿಸುವುದು ಅತಿ ಕಿರಿದಾದ ಜಾಗ. ಅಗಲವಾದ ಕಡೆ ವಾಹನಗಳು ಮೂರು ಸಾಲಾಗಿ ನುಗ್ಗಿ, ಕಿರಿದಾದ ಕಡೆ ಒಂದಕ್ಕೊಂದು ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತವೆ. ಇದರ ಬದಲು ವಾಹನದ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಅಗಲದಲ್ಲಿಟ್ಟು, ಉಳಿದ ಜಾಗವನ್ನೆಲ್ಲ ಎರಡು ಬದಿಯ ಫುಟ್‌ಪಾತ್‌ಗೆ ಕೊಟ್ಟರೆ ವಾಹನಗಳಿಗೆ ಹೆಚ್ಚಿನ ನಷ್ಟವಾಗುವುದಿಲ್ಲ. ಏಕೆಂದರೆ ಮುಂದಿನ ಇಕ್ಕಟ್ಟಿನಲ್ಲಿ ನಿಲ್ಲಲೇಬೇಕಾಗಿದ್ದ ವಾಹನಗಳಿಗೆ ಆ ಹೆಚ್ಚಿನ ಅಗಲದಿಂದ ಉಪಯೋಗವೇ ಇರಲಿಲ್ಲ.

ಸಂತೇಬೆನ್ನೂರಿನಲ್ಲಿ ಇನ್ನೊಂದು ಕಾರಣವೂ ಇದೆ. ಅಲ್ಲಿನ ಹೊಂಡ ಮತ್ತು ಮುಸಾಫಿರ್‌ಖಾನೆ ಕೇಂದ್ರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಸಂರಕ್ಷಿತ ಸ್ಮಾರಕಗಳ ಕಾನೂನಿಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಆದರೆ ಚರಂಡಿ ಕಟ್ಟುವುದು, ಅದನ್ನು ಶುಚಿಯಾಗಿಡುವುದು, ಸಾರ್ವಜನಿಕ ನೀರು ಸರಬರಾಜು ಮುಂತಾದ ಕೆಲಸಗಳನ್ನು 'ಕಟ್ಟಡ' ಎಂಬುದರ ಅರ್ಥದಿಂದ ಇದೇ ಕಾನೂನು ಹೊರಗಿಟ್ಟಿದೆ. ಗಮನಿಸಿ: ಒಬ್ಬರ ಅಂಗಡಿಯನ್ನು ಒಡೆದು ಹಿಂದಕ್ಕೆ ಸರಿಸಿ ಹೊಸದಾಗಿ ಕಟ್ಟಿಸುವುದು ಇಲ್ಲಿ ಸುಲಭವಲ್ಲ. ಇರುವ ಬೀದಿಯ ಚರಂಡಿ ಸರಿಪಡಿಸಿ, ಮುಚ್ಚಿ, ಅದರ ಮೇಲೆ ಜನ ನಡೆಯುವಂತೆ ಮಾಡುವುದಕ್ಕೆ ಕಾನೂನಿನಲ್ಲೇ ದಾರಿ ಇದೆ.

ಬೆಂಗಳೂರಿನ ಪಾಠ: ಕೆಲಸ ನೆಲದ ಕೆಳಗಿನಿಂದ

ನಮ್ಮ ರಾಜ್ಯದಲ್ಲಿ ಈ ಹಂಚಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಬೆಂಗಳೂರಿನ 'ಟೆಂಡರ್ ಶ್ಯೂರ್' ರಸ್ತೆಗಳು. ಜನ ಅರ್ಬನ್ ಸ್ಪೇಸ್ ಎಂಬ ಸಂಸ್ಥೆ ಇವುಗಳ ವಿನ್ಯಾಸ ರೂಪಿಸಿತು. ಕಳೆದ ದಶಕದಲ್ಲಿ ರಾಜ್ಯ ಸರಕಾರದ ಹಣದಲ್ಲಿ ನಗರದ ನಡುಭಾಗದ ಏಳು ರಸ್ತೆಗಳನ್ನು ಮೊದಲ ಹಂತದಲ್ಲಿ ಕೈಗೆತ್ತಿಕೊಳ್ಳಲಾಯಿತು. ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆ, ಮ್ಯೂಸಿಯಂ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠಲ ಮಲ್ಯ ರಸ್ತೆ, ಕಮಿಸರಿಯೇಟ್ ರಸ್ತೆ ಇವೇ ಆ ಏಳು. ರಿಚ್ಮಂಡ್ ರಸ್ತೆ ಮತ್ತು ಮ್ಯೂಸಿಯಂ ರಸ್ತೆಯ ಆಸುಪಾಸಿನಲ್ಲಿ ಚರ್ಚುಗಳೂ ಕಾನ್ವೆಂಟ್ ಶಾಲೆಗಳೂ ಇರುವುದರಿಂದ ನಮ್ಮ ಓದುಗರಲ್ಲಿ ಹಲವರು ಅಲ್ಲಿ ನಡೆದಿರಬಹುದು.

ಇಲ್ಲಿ ಮುಖ್ಯವಾದ ಮಾತೆಂದರೆ ಕೆಲಸ ಆರಂಭವಾದದ್ದು ಫುಟ್‌ಪಾತಿನ ಕಲ್ಲಿನಿಂದಲ್ಲ, ನೆಲದ ಕೆಳಗಿನಿಂದ. ನಮ್ಮ ರಸ್ತೆಗಳ ಅಡಿಯಲ್ಲಿ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ದೂರವಾಣಿ ಕೇಬಲ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಒಂದೊಂದು ಇಲಾಖೆಗೂ ಒಂದೊಂದು ಕಾಲ. ಡಾಂಬರು ಹಾಕಿ ತಿಂಗಳಾಗುವುದರೊಳಗೆ ಇನ್ನೊಬ್ಬರು ಬಂದು ಅಗೆಯುತ್ತಾರೆ. ಅಗೆದ ಜಾಗವನ್ನು ಮಣ್ಣು ತುಂಬಿ ಬಿಟ್ಟು ಹೋಗುತ್ತಾರೆ. ಮಳೆ ಬಂದರೆ ಅದು ಕುಸಿಯುತ್ತದೆ.

ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಮೊದಲು ನೆಲದಡಿಯಲ್ಲಿ ಏನೇನಿದೆ ಎಂದು ಗುರುತಿಸಿದರು. ಕೇಬಲ್ಲುಗಳಿಗೆ ಫುಟ್‌ಪಾತಿನ ಅಡಿಯಲ್ಲಿ ಪ್ರತ್ಯೇಕ ಕೊಳವೆಗಳನ್ನು ಹಾಕಿದರು. ಅಲ್ಲಲ್ಲಿ ಮುಚ್ಚಳವಿರುವ ಗುಂಡಿಗಳನ್ನು ಬಿಟ್ಟರು. ಮುಂದೆ ಯಾರಾದರೂ ಹೊಸ ಕೇಬಲ್ ಎಳೆಯಬೇಕಾದರೆ ಮುಚ್ಚಳ ತೆಗೆದು ಎಳೆದುಕೊಳ್ಳಬಹುದು, ರಸ್ತೆ ಅಗೆಯಬೇಕಾಗಿಲ್ಲ. ಮಳೆನೀರಿನ ಚರಂಡಿಯನ್ನೂ ಹೊಸದಾಗಿ ಕಟ್ಟಿದರು. ಇದೆಲ್ಲ ಮುಗಿದ ಮೇಲೆ ವಾಹನದ ದಾರಿಯ ಅಗಲವನ್ನು ಸಮ ಮಾಡಿ, ಉಳಿದದ್ದನ್ನು ಫುಟ್‌ಪಾತಿಗೆ ಬಿಟ್ಟರು. ಮರಗಳನ್ನು ಉಳಿಸಿಕೊಂಡು ಅವುಗಳ ಬುಡದಲ್ಲಿ ಮಣ್ಣಿಗೆ ಜಾಗ ಕೊಟ್ಟರು. ಇದೇ ಮಾದರಿ ಮುಂದೆ ಹುಬ್ಬಳ್ಳಿಯ ಶಿರೂರ್ ಪಾರ್ಕ್ ರಸ್ತೆಗೂ ಹೋಯಿತು.

ಆಕ್ಷೇಪಗಳೂ ಬಂದವು. ಖರ್ಚು ವಿಪರೀತ ಎಂದರು. ಬಡವರ ಬಡಾವಣೆಗಳನ್ನು ಬಿಟ್ಟು ನಗರದ ಮಧ್ಯದ ಶ್ರೀಮಂತ ರಸ್ತೆಗಳಿಗೇ ಏಕೆ ಎಂದು ಕೇಳಿದರು. ಕೆಲಸ ಮುಗಿಯುವವರೆಗೆ ಅಂಗಡಿಗಳವರು ಧೂಳು ಕುಡಿದರು. ಈ ಆಕ್ಷೇಪಗಳಲ್ಲಿ ನಿಜವಿದೆ. ಆದರೆ ನೆಲದ ಕೆಳಗಿನ ಕೆಲಸ ಮೊದಲು, ಮೇಲಿನದು ನಂತರ ಎಂಬ ಕ್ರಮ ಸರಿಯಾದದ್ದು. ಚಿಕ್ಕ ಊರಿನಲ್ಲಿ ಕಡಿಮೆ ಹಣದಲ್ಲಿ ಮಾಡುವಾಗಲೂ ಈ ಕ್ರಮವನ್ನು ಬಿಡಬಾರದು.

ಚರ್ಚ್ ಸ್ಟ್ರೀಟ್: ಕಟ್ಟುವುದು ಒಂದು, ಕಾಯುವುದು ಇನ್ನೊಂದು

ಬೆಂಗಳೂರಿನ ಎಂ.ಜಿ. ರಸ್ತೆಗೆ ಸಮಾನಾಂತರವಾಗಿ, ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಚರ್ಚ್ ಸ್ಟ್ರೀಟ್ ಇದೆ. ಉದ್ದ ಮುಕ್ಕಾಲು ಕಿಲೋಮೀಟರಿನಷ್ಟು. ಪುಸ್ತಕದಂಗಡಿಗಳಿಗೂ ಹೋಟೆಲುಗಳಿಗೂ ಹೆಸರಾದ ಬೀದಿ. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ವಿನ್ಯಾಸದಂತೆ 2017ರಲ್ಲಿ ಇದರ ಪುನರ್‌ನಿರ್ಮಾಣ ಆರಂಭವಾಗಿ 2018ರ ಮಾರ್ಚಿನಲ್ಲಿ ಬೀದಿ ಜನರಿಗೆ ತೆರೆಯಿತು. ಡಾಂಬರಿನ ಬದಲು ಗ್ರಾನೈಟ್ ಕಲ್ಲು ಹಾಸಿದರು, ಫುಟ್‌ಪಾತ್ ಅಗಲ ಮಾಡಿದರು.

ಆದರೆ ವಾಹನ ಓಡಾಟ ನಿಲ್ಲಲಿಲ್ಲ. 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ಒಂದು ಪ್ರಯೋಗ ನಡೆಯಿತು. ವಾರದ ಕೊನೆಯ ಎರಡು ದಿನ ಇಡೀ ಬೀದಿಯನ್ನು ವಾಹನಗಳಿಗೆ ಮುಚ್ಚಿ, ನಡೆಯುವವರಿಗೆ ಬಿಟ್ಟುಕೊಟ್ಟರು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಇದನ್ನು ನಡೆಸಿತು, ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯ ಗುಣಮಟ್ಟವನ್ನೂ ಜನರ ಅಭಿಪ್ರಾಯವನ್ನೂ ಅಧ್ಯಯನ ಮಾಡಿದರು. ಜನ ಕುಟುಂಬ ಸಮೇತ ಬಂದರು, ಮಕ್ಕಳು ಬೀದಿಯ ನಡುವೆ ಆಡಿದರು. ಪ್ರಯೋಗದ ಅವಧಿ ಮುಗಿದ ಮೇಲೆ ವಾಹನಗಳು ಮರಳಿದವು. ಭಾರಕ್ಕೆ ಕಲ್ಲುಗಳು ಅಲ್ಲಲ್ಲಿ ಎದ್ದವು, ಕುಸಿದವು. 2024ರಲ್ಲಿ ಖಾಸಗಿ ಪ್ರತಿಷ್ಠಾನವೊಂದರ ನೆರವಿನಿಂದ ಮತ್ತೆ ದುರಸ್ತಿಗೆ ಕೈ ಹಾಕಬೇಕಾಯಿತು.

ಇದರಿಂದ ಕಲಿಯಬೇಕಾದದ್ದು ಇಷ್ಟು. ಒಳ್ಳೆಯ ಬೀದಿ ಕಟ್ಟಲು ಒಂದು ವರ್ಷ ಸಾಕು. ಅದನ್ನು ಹಾಗೆಯೇ ಉಳಿಸಿಕೊಳ್ಳಲು ಯಾರು ಜವಾಬ್ದಾರರು, ಪ್ರತಿವರ್ಷದ ಹಣ ಎಲ್ಲಿಂದ, ಕಲ್ಲು ಎದ್ದರೆ ಯಾರಿಗೆ ಹೇಳಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಹಂಚಿಕೆ ಹೇಗೆ? ಒಂದು ಲೆಕ್ಕ

ಒಂದು ಊರಿನ ಪೇಟೆಬೀದಿ ಗೋಡೆಯಿಂದ ಗೋಡೆಗೆ 12 ಮೀಟರ್ ಇದೆ ಎಂದುಕೊಳ್ಳೋಣ. ನಿಧಾನವಾಗಿ ಹೋಗುವ ವಾಹನಗಳಿಗೆ ಬರಲು ಒಂದು, ಹೋಗಲು ಒಂದು ಎಂದು ತಲಾ 3.2 ಮೀಟರಿನಂತೆ 6.4 ಮೀಟರ್ ಬಿಟ್ಟರೆ ಉಳಿಯುವುದು 5.6 ಮೀಟರ್. ಒಂದೊಂದು ಬದಿಗೆ 2.8 ಮೀಟರ್. ಇದನ್ನು ಮೂರು ಪಟ್ಟಿಗಳಾಗಿ ಭಾಗ ಮಾಡಬೇಕು.

ಅಂಗಡಿ ಅಥವಾ ಗೋಡೆಗೆ ತಾಗಿದ ಅರ್ಧ ಮೀಟರ್ ಮೆಟ್ಟಿಲಿಗೆ, ಅಂಗಡಿಯ ಮುಂದೆ ನಿಂತು ನೋಡುವವರಿಗೆ. ವಾಹನದ ದಾರಿಗೆ ತಾಗಿದ ಅರ್ಧ ಮೀಟರ್ ವಿದ್ಯುತ್ ಕಂಬ, ಬೋರ್ಡು, ಗಿಡಗಳಿಗೆ. ನಡುವಿನ 1.8 ಮೀಟರ್ ನಡೆಯುವವರಿಗೆ ಮಾತ್ರ. ಅಲ್ಲಿ ಕಂಬವೂ ಇರಬಾರದು, ಟ್ರಾನ್ಸ್‌ಫಾರ್ಮರೂ ಇರಬಾರದು, ಬೈಕೂ ನಿಲ್ಲಬಾರದು. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಕರ್ಯಗಳ ಮಾರ್ಗಸೂಚಿಯಲ್ಲಿ ವಸತಿ ಪ್ರದೇಶಕ್ಕೆ ಹೇಳಿರುವ ಕನಿಷ್ಠ ಅಗಲ ಇದೇ 1.8 ಮೀಟರ್. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಿ ಹೋಗಲು ಬೇಕಾದ ಅಗಲ ಅದು. ವ್ಯಾಪಾರದ ಬೀದಿಗಳಲ್ಲಿ 2.5 ಮೀಟರ್ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಪೇಟೆಯಲ್ಲಿ ವಾಹನಗಳನ್ನು ಏಕಮುಖ ಮಾಡಿ ಇನ್ನಷ್ಟು ಜಾಗ ಉಳಿಸಲು ಸಾಧ್ಯವೇ ಎಂದು ನೋಡಬೇಕಾಗುತ್ತದೆ.

ಎತ್ತರದ ವಿಷಯದಲ್ಲೂ ನಮ್ಮಲ್ಲಿ ತಪ್ಪು ನಡೆಯುತ್ತದೆ. ಚರಂಡಿಯ ಮೇಲೆ ಫುಟ್‌ಪಾತ್ ಮಾಡುವಾಗ ಒಂದೂವರೆ ಅಡಿ ಎತ್ತರಕ್ಕೆ ಏರಿಸಿಬಿಡುತ್ತಾರೆ. ಮಂಡಿನೋವಿನವರು ಅದನ್ನು ಹತ್ತಲಾರರು. ಪ್ರತಿ ಮನೆಯ ಗೇಟಿನ ಮುಂದೆ ಇಳಿದು ಮತ್ತೆ ಹತ್ತಬೇಕಾದರೆ ಗಟ್ಟಿಮುಟ್ಟಾದವರೂ ಬೇಸತ್ತು ರಸ್ತೆಗೇ ಇಳಿಯುತ್ತಾರೆ. ಮಾರ್ಗಸೂಚಿಯಂತೆ ಫುಟ್‌ಪಾತಿನ ಎತ್ತರ 150 ಮಿಲಿಮೀಟರ್, ಅಂದರೆ ಅರ್ಧ ಅಡಿ ಮೀರಬಾರದು. ಗಾಲಿಕುರ್ಚಿ ಏರುವ ಇಳಿಜಾರು 1ಕ್ಕೆ 12ರಂತೆ ಇರಬೇಕು. ಅರ್ಧ ಅಡಿ ಏರಲು ಆರು ಅಡಿ ಉದ್ದದ ಇಳಿಜಾರು ಸಾಕು.

ಹಳದಿ ಬಣ್ಣದ ಉಬ್ಬು ಹೆಂಚುಗಳನ್ನು ನೀವು ನೋಡಿರಬಹುದು. ಅವು ಅಂದಕ್ಕಾಗಿ ಹಾಕಿದವಲ್ಲ. ಅಂಧರು ಕಾಲಿನಿಂದ, ಕೋಲಿನಿಂದ ಮುಟ್ಟಿ ದಾರಿ ತಿಳಿಯಲು ಹಾಕಿದವು. ಉದ್ದ ಗೆರೆಗಳಿದ್ದರೆ "ಮುಂದೆ ಹೋಗು" ಎಂದರ್ಥ, ಚುಕ್ಕೆಗಳಿದ್ದರೆ "ನಿಲ್ಲು, ಎಚ್ಚರ" ಎಂದರ್ಥ. ಈ ಸಾಲು ನೇರವಾಗಿ ಒಂದು ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟಿದರೆ ಅಂಧರ ಗತಿ ಏನು? ಹಾಕಿಸಿದವರು ಒಮ್ಮೆ ಕಣ್ಣು ಮುಚ್ಚಿ ನಡೆದು ನೋಡಿದ್ದರೆ ಸಾಕಿತ್ತು.

ಇನ್ನು ಫುಟ್‌ಪಾತಿಗೆ ಜಾಗವೇ ಇಲ್ಲದ ಐದಾರು ಮೀಟರಿನ ಓಣಿಗಳು. ಅಲ್ಲಿ ಬೇರೆಯೇ ನಿಯಮ. ಜಾಗ ಹಂಚಲು ಆಗದಿದ್ದರೆ ವೇಗವನ್ನು ತಗ್ಗಿಸಬೇಕು. ನೆದರ್ಲೆಂಡ್ಸ್ ದೇಶದಲ್ಲಿ 1971ರಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಂದೆತಾಯಂದಿರು "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿ ಬೀದಿಗಿಳಿದರು. ಅದೇ ಕಾಲದಲ್ಲಿ ಡೆಲ್ಫ್ಟ್ ನಗರದಲ್ಲಿ ಮನೆಗಳ ನಡುವಿನ ಓಣಿಗಳನ್ನು ಹೊಸ ರೀತಿಯಲ್ಲಿ ರೂಪಿಸಿದರು. ಓಣಿಯಲ್ಲಿ ನೇರ ದಾರಿಯನ್ನು ತುಸು ಬಳುಕಿಸಿ, ಗಿಡ, ಬೆಂಚು ಇಟ್ಟು, ಕಾರು ನಡಿಗೆಯ ವೇಗದಲ್ಲಿ ಮಾತ್ರ ಹೋಗುವಂತೆ ಮಾಡಿದರು. 1976ರಲ್ಲಿ ಇಂಥ ಬೀದಿಗಳಿಗೆ ಕಾನೂನಿನ ಮನ್ನಣೆಯೂ ಸಿಕ್ಕಿತು. ಅಲ್ಲಿ ನಡೆಯುವವನು ಬೀದಿಯ ಯಜಮಾನ, ಕಾರು ಅತಿಥಿ.

ವೇಗ ಏಕೆ ಮುಖ್ಯ ಎಂಬುದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ. ವೇಗ ಎರಡು ಪಟ್ಟಾದರೆ ಢಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. 60 ಕಿಲೋಮೀಟರ್ ವೇಗದ ವಾಹನ 30ರ ವೇಗದ ವಾಹನಕ್ಕಿಂತ ನಾಲ್ಕು ಪಟ್ಟು ಬಲದಿಂದ ಬಡಿಯುತ್ತದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಜನರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಲಿ ಎಂದದ್ದು ಇದೇ ಕಾರಣಕ್ಕೆ. ಶಾಲೆಯ ಮುಂದೆ, ಚರ್ಚಿನ ಮುಂದೆ ಜೀಬ್ರಾ ಪಟ್ಟಿಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ಕಟ್ಟಿದರೆ ಅದೇ ಹಂಪ್ ಕೂಡ ಆಗುತ್ತದೆ. ವಾಹನ ನಿಧಾನಿಸುತ್ತದೆ, ಅಜ್ಜಿ ಇಳಿಯದೆ ಹತ್ತದೆ ದಾಟುತ್ತಾಳೆ.

ಬೀದಿಬದಿಯ ವ್ಯಾಪಾರಿಗಳನ್ನು ಏನು ಮಾಡುವುದು?

ಫುಟ್‌ಪಾತ್ ಎಂದಕೂಡಲೇ ಮೊದಲ ಪೆಟ್ಟು ಬೀಳುವುದು ಹೂ, ಹಣ್ಣು, ಮೀನು, ತರಕಾರಿ ಮಾರುವವರ ಮೇಲೆ. ಒಂದು ಬೆಳಿಗ್ಗೆ ಲಾರಿ ಬಂದು ಅವರ ತಳ್ಳುಗಾಡಿ, ಬುಟ್ಟಿಗಳನ್ನು ಎತ್ತಿಕೊಂಡು ಹೋಗುತ್ತದೆ. ಅದೇ ಫುಟ್‌ಪಾತಿನ ಮೇಲೆ ನಿಂತ ಕಾರನ್ನು ಯಾರೂ ಎತ್ತುವುದಿಲ್ಲ. ಇದು ನ್ಯಾಯವಲ್ಲ.

2014ರ ಬೀದಿಬದಿ ವ್ಯಾಪಾರಿಗಳ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಗರಗಳಲ್ಲಿ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಅವರಿಗೆ ಪ್ರಮಾಣಪತ್ರ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕಿಂತ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿಯ ವಿನ್ಯಾಸ ಮಾಡುವಾಗಲೇ ಬಸ್ ನಿಲ್ದಾಣದ ಬಳಿ, ಮರದ ನೆರಳಿನಲ್ಲಿ, ನಡೆಯುವ 1.8 ಮೀಟರಿನ ಹೊರಗೆ ಅವರಿಗೂ ಗೆರೆ ಎಳೆದು ಜಾಗ ಕೊಟ್ಟರೆ ಜಗಳಕ್ಕೆ ಆಸ್ಪದವಿಲ್ಲ. ವ್ಯಾಪಾರಿಗಳಿರುವ ಬೀದಿ ರಾತ್ರಿಯಲ್ಲೂ ಹೆಣ್ಣುಮಕ್ಕಳಿಗೆ ಸುರಕ್ಷಿತ ಎಂಬುದನ್ನು ಮರೆಯಬಾರದು.

ಅಂಗಡಿಯವರ ಭಯವೂ ಸಹಜ. "ಕಾರು ನಿಲ್ಲಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ" ಎನ್ನುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಸ್ಟ್ರೋಯೆಟ್ ಎಂಬ ಪೇಟೆಬೀದಿಯನ್ನು 1962ರಲ್ಲಿ ವಾಹನಗಳಿಗೆ ಮುಚ್ಚಿದಾಗ ಅಲ್ಲಿನ ವ್ಯಾಪಾರಿಗಳೂ ಇದೇ ಮಾತು ಹೇಳಿದ್ದರು. ಎರಡು ವರ್ಷಗಳ ಪ್ರಯೋಗದ ನಂತರ ಅದು ಶಾಶ್ವತವಾಯಿತು, ಇಂದಿಗೂ ನಗರದ ಮುಖ್ಯ ಪೇಟೆ ಅದೇ. ನಮ್ಮ ನೆರೆಯ ಚೆನ್ನೈಯ ಪಾಂಡಿ ಬಜಾರಿನಲ್ಲಿ 2019ರ ನವೆಂಬರಿನಲ್ಲಿ ಅಗಲವಾದ ಪಾದಚಾರಿ ಜಾಗ ತೆರೆಯಿತು. ಅಲ್ಲಿ ವಾಹನಗಳನ್ನು ಪೂರ್ತಿ ಮುಚ್ಚಲಿಲ್ಲ, ದಾರಿಯನ್ನು ಕಿರಿದು ಮಾಡಿದರು. ಎಲ್ಲ ಕಡೆಗೂ ಒಂದೇ ಮದ್ದಿಲ್ಲ.

ಕರಾವಳಿಯ ಮಳೆ, ಘಟ್ಟದ ಮೇಲಿನ ಬಿಸಿಲು

ಘಟ್ಟದ ಮೇಲಿನ ಊರುಗಳಲ್ಲಿ ಬೇಸಿಗೆಯ ಬಿಸಿಲೇ ನಡೆಯುವವರ ಶತ್ರು. ಅಲ್ಲಿ ಫುಟ್‌ಪಾತಿಗಿಂತ ಮೊದಲು ಬೇಕಾದದ್ದು ನೆರಳಿನ ಮರ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೇ ದೊಡ್ಡ ಪರೀಕ್ಷೆ. ಮಂಗಳೂರಿನಂತಹ ಏರುತಗ್ಗಿನ ಊರಿನಲ್ಲಿ ನೀರು ಗುಡ್ಡದಿಂದ ರಭಸವಾಗಿ ಇಳಿಯುತ್ತದೆ. ಚರಂಡಿಯ ಅಳತೆ ತಪ್ಪಿದರೆ ಎಷ್ಟೇ ಚೆಂದದ ಇಂಟರ್‌ಲಾಕ್ ಹಾಕಿದರೂ ಮೊದಲ ಮಳೆಗೆ ಅದರ ಅಡಿಯ ಮರಳು ಕೊಚ್ಚಿಹೋಗಿ ಕಲ್ಲುಗಳು ಏಳುತ್ತವೆ. ನಯವಾದ ಹೆಂಚು ಹಾಕಿದರೆ ಪಾಚಿ ಕಟ್ಟಿ ಜಾರುತ್ತದೆ. ನೀರು ತುಂಬಿದಾಗ ತೆರೆದ ಚಪ್ಪಡಿಯ ಸಂದು ಕಾಣುವುದಿಲ್ಲ, ಕಾಲು ಒಳಗೆ ಹೋಗುತ್ತದೆ. ಆದ್ದರಿಂದ ಕರಾವಳಿಯಲ್ಲಿ ಫುಟ್‌ಪಾತ್ ಎಂದರೆ ಮೊದಲು ಚರಂಡಿ. ಚಪ್ಪಡಿಗಳು ಅಲುಗಾಡದಂತೆ ಕೂರಬೇಕು, ಹೂಳೆತ್ತಲು ಅಲ್ಲಲ್ಲಿ ತೆಗೆಯಬಹುದಾದ ಮುಚ್ಚಳ ಇರಬೇಕು, ಮೇಲ್ಮೈ ದೊರಗಾಗಿರಬೇಕು.

ಸಂತೇಬೆನ್ನೂರಿನಂತಹ ಊರಿನಲ್ಲಿ ಏನು ಮಾಡಬಹುದು?

ಹತ್ತಿರದ ದಾವಣಗೆರೆ ನಗರ 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಸೇರಿತ್ತು. ಮಂಡಿಪೇಟೆಯಂತಹ ಹಳೆಯ ವ್ಯಾಪಾರದ ಬೀದಿಗಳೂ ಅದರ ಯೋಜನೆಯಲ್ಲಿದ್ದವು. ಆ ಯೋಜನೆ 2025ರ ಮಾರ್ಚಿಗೆ ಮುಗಿಯಿತು. ಸಣ್ಣ ಊರುಗಳಿಗೆ ಅಂತಹ ಹಣ ಬರುವುದಿಲ್ಲ. ಆದರೆ ಹಣವಿಲ್ಲದೆಯೂ ಆರಂಭಿಸಬಹುದಾದ ಕೆಲಸಗಳಿವೆ.

ಮೊದಲನೆಯದು ಎಣಿಕೆ. ಸಂತೆಯ ದಿನ ಒಂದು, ಸಾಮಾನ್ಯ ದಿನ ಒಂದು ಆರಿಸಿ, ಬೀದಿಯ ಒಂದು ಜಾಗದಲ್ಲಿ ಗಂಟೆಗೆ ಎಷ್ಟು ಜನ ನಡೆದು ಹೋದರು, ಎಷ್ಟು ವಾಹನ ಹೋದವು ಎಂದು ಹೈಸ್ಕೂಲು ಮಕ್ಕಳು ಬರೆದಿಟ್ಟರೆ ಸಾಕು. ನಡೆಯುವವರ ಲೆಕ್ಕವೇ ಇಲ್ಲದ ಕಡತದಲ್ಲಿ ಅವರಿಗೆ ಜಾಗವೂ ಇರುವುದಿಲ್ಲ. ಎರಡನೆಯದು ಸುಣ್ಣದ ಗೆರೆ. ವಾಹನದ ದಾರಿ ಇಲ್ಲಿಗೆ ಎಂದು ಸುಣ್ಣದಲ್ಲಿ ಗೆರೆ ಎಳೆದು ಒಂದು ತಿಂಗಳು ನೋಡಬಹುದು. ತಪ್ಪಿದ್ದರೆ ಅಳಿಸಿ ಮತ್ತೆ ಎಳೆಯಬಹುದು. ಕಾಂಕ್ರೀಟಿನಲ್ಲಿ ಮಾಡಿದ ತಪ್ಪು ಅಳಿಸಲು ಬರುವುದಿಲ್ಲ. ಮೂರನೆಯದು ಸ್ಮಾರಕದ ಸುತ್ತಲಿನ ಬೀದಿಗಳಲ್ಲಿ ವಾಹನ ನಿಲುಗಡೆಯನ್ನು ದೂರಕ್ಕೆ ಸರಿಸುವುದು. ಪುಷ್ಕರಣಿ ನೋಡಲು ಬಂದವರು ಇನ್ನೂರು ಮೀಟರ್ ನಡೆದರೆ ದಾರಿಯ ಅಂಗಡಿಗಳಿಗೂ ವ್ಯಾಪಾರ. ನಾಲ್ಕನೆಯದು ಮುಖ್ಯರಸ್ತೆಗೆ ಡಾಂಬರು ಹಾಕಲು ಲೋಕೋಪಯೋಗಿ ಇಲಾಖೆ ಬಂದಾಗ ಚರಂಡಿ ಮತ್ತು ಫುಟ್‌ಪಾತನ್ನೂ ಅದೇ ಅಂದಾಜುಪಟ್ಟಿಯಲ್ಲಿ ಸೇರಿಸುವಂತೆ ವಾರ್ಡ್‌ಸಭೆ, ಗ್ರಾಮಸಭೆಗಳಲ್ಲಿ ಮೊದಲೇ ನಿರ್ಣಯ ಮಾಡಿ ಕಳುಹಿಸುವುದು.

ನಮ್ಮ ಧರ್ಮಕೇಂದ್ರಗಳು ಮತ್ತು ಬೀದಿ

ಇತರರಿಗೆ ಹೇಳುವ ಮೊದಲು ನಮ್ಮ ಗೇಟಿನ ಮುಂದೆ ನೋಡಿಕೊಳ್ಳೋಣ. ಭಾನುವಾರ ಬಲಿಪೂಜೆಯ ಹೊತ್ತಿಗೆ ಚರ್ಚಿನ ಹೊರಗೆ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತ ಕಾರುಗಳು ಯಾರವು? ನಮ್ಮವೇ. ನಡೆದು ಬರುವ ಹಿರಿಯರು ಅದೇ ಕಾರುಗಳನ್ನು ಸುತ್ತಿಕೊಂಡು ರಸ್ತೆಗಿಳಿದು ಬರುತ್ತಾರೆ. ಶಾಲೆ ಬಿಡುವ ಹೊತ್ತಿನ ಗೇಟಿನ ಮುಂದಿನ ಗಲಾಟೆಯೂ ನಮ್ಮದೇ. ಪಾಲನಾ ಮಂಡಳಿಗಳು ಈ ಎರಡನ್ನು ಯಾವ ಇಲಾಖೆಯ ಅನುಮತಿಯೂ ಇಲ್ಲದೆ ಸರಿಪಡಿಸಬಹುದು. ಕಾರುಗಳಿಗೆ ಚರ್ಚ್ ಮೈದಾನದಲ್ಲೇ ಜಾಗ ಗುರುತಿಸಿ ಸ್ವಯಂಸೇವಕರನ್ನು ನಿಲ್ಲಿಸಬಹುದು. ಕಾರಿಗೆ ಒಂದು ಗೇಟು, ನಡೆಯುವವರಿಗೆ ಬೇರೆ ಚಿಕ್ಕ ಗೇಟು ಇಡಬಹುದು. ಮೆಟ್ಟಿಲಿನ ಪಕ್ಕ ಇಳಿಜಾರು ಮತ್ತು ಹಿಡಿಗಂಬಿ ಕಟ್ಟಿಸಬಹುದು. ಮಳೆಗಾಲಕ್ಕೆ ಮುಂಚೆ ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಮುರಿದ ಚಪ್ಪಡಿಗಳ ಪಟ್ಟಿ ಮಾಡಿ, ಫೋಟೋ ಸಹಿತ ಪಂಚಾಯತ್ ಅಥವಾ ನಗರಪಾಲಿಕೆಗೆ ಕೊಟ್ಟರೆ ಅದು ಇಡೀ ಊರಿಗೆ ಮಾಡಿದ ಸೇವೆ. ಮುರಿದ ಚಪ್ಪಡಿ ಯಾವ ಧರ್ಮದವರನ್ನೂ ಬಿಡುವುದಿಲ್ಲ.

ಪ್ರತಿವರ್ಷ ಜನವರಿಯಲ್ಲಿ ಮಂಗಳೂರಿನ ಮಿಲಾಗ್ರಿಸ್ ಚರ್ಚಿನಿಂದ ರೊಸಾರಿಯೊ ಕೆಥೆಡ್ರಲ್‌ವರೆಗೆ ಪರಮಪ್ರಸಾದದ ಮೆರವಣಿಗೆ ಹೋಗುವಾಗ ನಾವೆಲ್ಲ ಅದೇ ಹಂಪನಕಟ್ಟೆಯ ಆಸುಪಾಸಿನ ಬೀದಿಗಳಲ್ಲಿ ನಡೆಯುತ್ತೇವೆ. ಅಂದು ಗಾಲಿಕುರ್ಚಿಯವರೂ ಬರುತ್ತಾರೆ, ಪುಟ್ಟ ಮಕ್ಕಳೂ ಬರುತ್ತಾರೆ, ಯಾರಿಗೂ ಭಯವಿಲ್ಲ. ವಾಹನಗಳು ಸ್ವಲ್ಪ ಹೊತ್ತು ಕಾಯುತ್ತವೆ, ಊರೇನೂ ನಿಂತುಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಮಗು ಅದೇ ಬೀದಿಯನ್ನು ದಾಟಲು ಅಪ್ಪನ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಡೀ ಬೀದಿಯನ್ನು ಯಾರೂ ಕೇಳುತ್ತಿಲ್ಲ. ಆ ಮಗುವಿಗೆ, ಆ ಅಜ್ಜಿಗೆ ವರ್ಷವಿಡೀ ಎರಡು ಬದಿಯಲ್ಲಿ ಒಂದು ಪಟ್ಟಿ, 1.8 ಮೀಟರ್ ಸಿಕ್ಕಿದರೆ ಸಾಕು. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ, ಮುಂದಿನ ಗ್ರಾಮಸಭೆಯಲ್ಲಿ ಒಂದು ಅಳತೆಪಟ್ಟಿ ಹಿಡಿದುಕೊಂಡು ಹೋಗೋಣ.